ಸ್ಟಾರ್‌ಡ್ಯೂ ವ್ಯಾಲಿ: ಟಿವಿ ಮುಂದೆ ಇಬ್ಬರೂ ಕೂತು ಆಡುವ ಬೇಸಾಯದ ಗೇಮ್

ಗುಂಡು ಹಾರಿಸುವ ಗೇಮ್ ಆಡಿ ಸಾಕಾಗಿದ್ದರೆ ಸ್ಟಾರ್‌ಡ್ಯೂ ವ್ಯಾಲಿ ಖಂಡಿತ ತಗೊಳ್ಳಿ. ಅಜ್ಜ ಬಿಟ್ಟುಹೋದ ಪಾಳು ಜಮೀನು ಹಸನು ಮಾಡಬೇಕು, ಬಿತ್ತಬೇಕು, ನೀರು ಹಾಕಬೇಕು, ಹಸು ಕೋಳಿ ಸಾಕಬೇಕು, ನಡುವೆ ಊರಿನವರಿಗೆ ಇಷ್ಟವಾದ್ದನ್ನು ಕೊಟ್ಟು ಸ್ನೇಹನೂ ಬೆಳೆಸಬೇಕು. ಒಂದೊಂದು ಋತುವಿಗೆ 28 ದಿನ. ಅದು ಮುಗಿದರೆ ಹೆಚ್ಚಿನ ಬೆಳೆ ಒಣಗಿಹೋಗುತ್ತದೆ, ಹಾಗಾಗಿ ಫಸಲು ಎಷ್ಟು ದಿನಕ್ಕೆ ಬರುತ್ತದೆ ಅಂತ ನೋಡಿಕೊಂಡೇ ಬೀಜ ಕೊಳ್ಳಿ.

2016ರಲ್ಲಿ ಬಂದ ಈ ಗೇಮನ್ನು ಎರಿಕ್ ಬರೋನ್ ಒಬ್ಬರೇ ಕೂತು ಕಟ್ಟಿದ್ದು. ಚಿತ್ರ, ಕೋಡ್, ಕಥೆ, ಸಂಗೀತ ಎಲ್ಲಾ ಅವರದೇ, ನಂಬೋಕೇ ಆಗಲ್ಲ! 2024ರ 1.6 ಅಪ್‌ಡೇಟ್ ಕೂಡ ಪುಕ್ಕಟೆ. ಒಮ್ಮೆ ದುಡ್ಡು ಕೊಟ್ಟರೆ ಮುಗೀತು, ಗೇಮ್ ಒಳಗೆ ಮತ್ತೆ ಏನೂ ಕೊಳ್ಳಬೇಕಿಲ್ಲ. ಮಕ್ಕಳಿರುವ ಮನೆಗೆ ಇದು ದೊಡ್ಡ ವಿಷಯ ಅಲ್ವಾ?

ಮೀನು ಹಿಡಿಯುವುದು ಮಾತ್ರ ಶುರುವಿನಲ್ಲಿ ತುಂಬಾ ಕಷ್ಟ, ಹೊಸಬರು ಅಲ್ಲೇ ಬೇಜಾರಾಗಿ ಬಿಟ್ಟುಬಿಡಬೇಡಿ. ಫೋನಿನಲ್ಲೂ ಸಿಗುತ್ತದೆ, ಆದರೆ ಗೇಮಿನ ಗಣಿಯೊಳಗೆ ರಾಕ್ಷಸರು ಎದುರಾದಾಗ ಬೆರಳಲ್ಲಿ ಕತ್ತಿ ಬೀಸುವುದು ಕಿರಿಕಿರಿ. ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಜೋಡಿಸಿ, ಎರಡು ಕಂಟ್ರೋಲರ್ ಇಟ್ಟುಕೊಂಡು ಸ್ಪ್ಲಿಟ್ ಸ್ಕ್ರೀನ್‌ನಲ್ಲಿ (ಒಂದೇ ಪರದೆ ಇಬ್ಬರಿಗೂ ಎರಡು ಭಾಗವಾಗುವುದು) ಆಡಿದರೆ ಮಜಾ ಜಾಸ್ತಿ.