ಕೊಲೊಗಾರ್ಡ್ ಕಿಟ್: ಉದುರಿದ ಕೋಶಗಳಲ್ಲಿ ಕ್ಯಾನ್ಸರಿನ ಸುಳಿವು

ದೊಡ್ಡ ಕರುಳಿನ ಒಳಪೊರೆ ಕೆಲವೇ ದಿನಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಪೊರೆಯ ಸಣ್ಣ ಕುಳಿಗಳ ತಳದಲ್ಲಿ ಸ್ಟೆಮ್ ಸೆಲ್‌ಗಳು ಒಡೆದು ಎರಡಾಗುತ್ತಲೇ ಇರುತ್ತವೆ; ಹೊಸವು ಮೇಲೇರುತ್ತವೆ, ಹಳೆಯವು ಉದುರಿ ಮಲದ ಜೊತೆ ಹೋಗುತ್ತವೆ. ಈ ಬೆಳವಣಿಗೆಗೆ ಕಡಿವಾಣ ಹಾಕುವ ಎಪಿಸಿ ಜೀನ್ ಕೆಟ್ಟರೆ ಕೋಶಗಳು ಗುಂಪುಗಟ್ಟಿ ಪಾಲಿಪ್ ಆಗುತ್ತದೆ. ಕೆಲವು ಪಾಲಿಪ್‌ಗಳು ಕ್ಯಾನ್ಸರಾಗುತ್ತವೆ, ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷ ಬೇಕು.

ಗಡ್ಡೆಯೂ ಕೋಶ ಉದುರಿಸುತ್ತದೆ. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಪಡೆದ ಕೊಲೊಗಾರ್ಡ್ ಎಂಬ ಪರೀಕ್ಷೆ ಮಲದಲ್ಲಿ ಆ ಕೋಶಗಳ ಡಿಎನ್‌ಎ ಹುಡುಕುತ್ತದೆ, ಜೊತೆಗೆ ರಕ್ತದ ಹಿಮೋಗ್ಲೋಬಿನ್ ಅನ್ನೂ. ವೈದ್ಯರು ಬರೆದುಕೊಟ್ಟರೆ ಕಿಟ್ ಮನೆಗೇ ಬರುತ್ತದೆ.

ಕಮೋಡಿನ ಸೀಟಿನಡಿ ಚೌಕಟ್ಟಿಟ್ಟು ಡಬ್ಬಿ ಕೂರಿಸಬೇಕು. ಮೂತ್ರ ಒಳಗೆ ಬೀಳಬಾರದು. ಮೊದಲು ಕಡ್ಡಿಯಿಂದ ಮಲವನ್ನು ಕೆರೆದು, ಕಡ್ಡಿಯ ಗೀರುಗಳು ತುಂಬಿದ ಮೇಲೆ ಟ್ಯೂಬಿಗೆ ಹಾಕಿ, ಇದು ಹಿಮೋಗ್ಲೋಬಿನ್‌ಗೆ. ಆಮೇಲೆ ಬಾಟಲಿಯ ದ್ರವವನ್ನೆಲ್ಲ ಡಬ್ಬಿಗೆ ಸುರಿದು ಮುಚ್ಚಳ ಬಿಗಿಯಿರಿ; ಡಿಎನ್‌ಎ ಕೊಳೆಯದಂತೆ ಕಾಯುವುದು ಇದೇ. ಕ್ರಮ ತಪ್ಪಿದರೆ ಟ್ಯೂಬಿನ ಮಾದರಿ ಕೆಡುತ್ತದೆ. ಲೇಬಲಿನಲ್ಲಿ ದಿನಾಂಕ, ಸಮಯ ಬರೆಯುವುದನ್ನು ಮರೆಯಬೇಡಿ, ಏಕೆಂದರೆ 72 ಗಂಟೆಯೊಳಗೆ ಪ್ರಯೋಗಾಲಯ ತಲುಪದ ಮಾದರಿ ನಡೆಯದು. ವಾರಾಂತ್ಯದ ಮುನ್ನಾದಿನ ಸಂಗ್ರಹಿಸದಿದ್ದರೆ ಒಳ್ಳೆಯದು. ಭೇದಿ, ಮುಟ್ಟು, ರಕ್ತ ಸೋರುವ ಮೂಲವ್ಯಾಧಿ ಇರುವಾಗಲಂತೂ ಬೇಡ.

2014ರಲ್ಲೇ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದು 92.3% ಕ್ಯಾನ್ಸರ್‌ಗಳನ್ನು ಹಿಡಿಯಿತು; ಬರೀ ರಕ್ತ ಹುಡುಕುವ ಫಿಟ್ ಪರೀಕ್ಷೆ 73.8%. ಅಪಾಯದ ಪಾಲಿಪ್‌ಗಳಲ್ಲಿ ಮಾತ್ರ ಸಿಕ್ಕಿದ್ದು 42.4%, ಫಿಟ್‌ಗೆ 23.8%. ನಮಗೆ ಇದೇ ದೊಡ್ಡ ಕೊರತೆ ಅನ್ನಿಸುತ್ತದೆ. ಪಾಲಿಪ್ ಹಂತದಲ್ಲೇ ಕತ್ತರಿಸಿ ತೆಗೆದರೆ ಕ್ಯಾನ್ಸರ್ ಬರದಂತೆ ತಡೆಯಬಹುದು, ಆ ಕೆಲಸ ಕ್ಯಾಮೆರಾ ಇರುವ ಕೊಳವೆ ಹಾಯಿಸಿ ಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿಯಿಂದ ಮಾತ್ರ ಆಗುತ್ತದೆ. ಇನ್ನೊಂದು: ಕ್ಯಾನ್ಸರ್ ಅಥವಾ ಅಪಾಯದ ಪಾಲಿಪ್ ಇಲ್ಲದ ನೂರು ಜನರಲ್ಲಿ ಸುಮಾರು 13 ಮಂದಿಗೆ ಪಾಸಿಟಿವ್ ಬರುತ್ತದೆ, ಫಿಟ್‌ನಲ್ಲಿ ಸುಮಾರು 5. ವಯಸ್ಸಾದಂತೆ ಆರೋಗ್ಯವಂತ ಕೋಶಗಳ ಡಿಎನ್‌ಎಯಲ್ಲೂ ಈ ಪರೀಕ್ಷೆ ಹುಡುಕುವ ಮಿಥೈಲ್ ಎಂಬ ರಾಸಾಯನಿಕ ಗುರುತುಗಳು ಹೆಚ್ಚುವುದು ಇದಕ್ಕೊಂದು ಕಾರಣ. ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಮಾಡಿಸಲೇಬೇಕು, ಕಿಟ್ ಮತ್ತೆ ತರಿಸಿ ನೋಡುವುದು ಸರಿಯಲ್ಲ.

45 ದಾಟಿ, ಲಕ್ಷಣವಿಲ್ಲದೆ, ಕೊಲೊನೋಸ್ಕೋಪಿಯನ್ನು ಮುಂದೂಡುತ್ತಲೇ ಇರುವವರು ಮೂರು ವರ್ಷಕ್ಕೊಮ್ಮೆ ಧಾರಾಳವಾಗಿ ಬಳಸಬಹುದು. ಹಿಂದೆ ಅಡಿನೋಮಾ (ಕ್ಯಾನ್ಸರಾಗಬಲ್ಲ ಬಗೆಯ) ಪಾಲಿಪ್ ತೆಗೆಸಿಕೊಂಡವರು, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ) ಇರುವವರು, ಮನೆತನದಲ್ಲಿ ಲಿಂಚ್ ಸಿಂಡ್ರೋಮ್ (ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಆನುವಂಶಿಕ ದೋಷ) ಇರುವವರು ತರಿಸಬೇಡಿ. ಅವರಿಗೆ ನೇರವಾಗಿ ಕೊಲೊನೋಸ್ಕೋಪಿಯೇ ಆಗಬೇಕು.