ಉಳಿಯುವುದಾ, ಲೋನ್ ಮೇಲೆ ಹೋಗುವುದಾ, ಕ್ಲಬ್ ಬಿಡುವುದಾ?

ಹದಿನೇಳರ ಫುಟ್‌ಬಾಲ್ ಮಿಡ್‌ಫೀಲ್ಡರ್‌ಗೆ (ಮೈದಾನದ ನಡುಭಾಗದಲ್ಲಿ ಆಡುವವನಿಗೆ) ಯಾವ ದಾರಿ ಸರಿ ಎಂದು ಕೇಳಿದ್ದೀರಿ: ತನ್ನ ಕ್ಲಬ್‌ನಲ್ಲೇ ಉಳಿಯುವುದಾ, ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲ ಬೇರೆ ಕ್ಲಬ್‌ಗೆ ಆಡಲು ಹೋಗುವುದಾ, ಇಲ್ಲ ಕ್ಲಬ್ಬನ್ನೇ ಬಿಡುವುದಾ? ಮೂವರು ಹುಡುಗರನ್ನು ನೋಡೋಣ.

ಮೊದಲು ಆಡುವ ಸಮಯ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಚೆಂಡು ಬರುವ ಮೊದಲೇ ಹಿಂದೆ ಯಾರಿದ್ದಾರೆಂದು ನೋಡುವುದು, ಒತ್ತಡದಲ್ಲಿ ತಿರುಗುವುದು, ಇವೆಲ್ಲ ಬರೀ ಅಭ್ಯಾಸದಲ್ಲಿ ಪೂರ್ತಿ ಬರುವುದಿಲ್ಲ. ಜೂಡ್ ಬೆಲ್ಲಿಂಗ್‌ಹ್ಯಾಮ್ 2019-20ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಗೆ 40ಕ್ಕೂ ಹೆಚ್ಚು ಪಂದ್ಯ ಆಡಿದ. ಆಮೇಲೆ ಆ ಕ್ಲಬ್ ಬಿಟ್ಟು, ಎಳೆಯರನ್ನು ನಂಬಿ ಆಡಿಸುವ ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್‌ಗೆ ಹೋದ. 2023ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ. ಹೋಗುವ ಕ್ಲಬ್‌ನ ಮೊದಲ ತಂಡದಲ್ಲಿ ಜಾಗ ಖಾತ್ರಿ ಇದ್ದರೆ ಈಗಿನ ಕ್ಲಬ್ ಬಿಡುವುದೇ ಲಾಭ.

ಕಲಿಕೆಯ ಗುಣಮಟ್ಟ ನೋಡಿದರೆ ಉಳಿಯುವುದು ಮೇಲು. ಫಿಲ್ ಫೋಡನ್ 2017ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಹಿರಿಯರ ತಂಡಕ್ಕೆ ಬಂದ. ಅದೇ ತಂಡದ ಹಿರಿಯ ಮಿಡ್‌ಫೀಲ್ಡರ್ ಡೇವಿಡ್ ಸಿಲ್ವಾ ಜೊತೆ ಅಭ್ಯಾಸ, ವರ್ಷಗಟ್ಟಲೆ ಕಾಯುವಿಕೆ. ಸಿಲ್ವಾ 2020ರಲ್ಲಿ ಹೋದ ಮೇಲೆ ಫೋಡನ್‌ಗೆ ಜಾಗ ಗಟ್ಟಿಯಾಯಿತು. ಕೋಚ್‌ಗೆ ನಿಮ್ಮ ಮೇಲೆ ನಿಜವಾದ ಯೋಜನೆ ಇದ್ದರೆ ಮಾತ್ರ ಇದು ಸರಿ. ಸುಮ್ನೆ ಬೆಂಚ್ ಮೇಲೆ ಕೂರುವುದಾದರೆ ಬೇಡ.

ಲೋನ್ ಇವೆರಡರ ನಡುವಿನದು. ಒಪ್ಪಂದ ದೊಡ್ಡ ಕ್ಲಬ್‌ನಲ್ಲೇ ಇರುತ್ತದೆ, ಆಟ ಬೇರೆ ಕಡೆ. 16ಕ್ಕೇ ರಿಯಲ್ ಮ್ಯಾಡ್ರಿಡ್ ಸೇರಿದ್ದ ಮಾರ್ಟಿನ್ ಒಡೆಗಾರ್ಡ್ ಹೀರೆನ್‌ವೀನ್, ವಿಟೆಸ್, ರಿಯಲ್ ಸೋಸಿಯೆಡಾಡ್ ಕ್ಲಬ್‌ಗಳಿಗೆ ಲೋನ್ ಮೇಲೆ ಊರೂರು ಅಲೆದ. ಪ್ರತಿ ಸಲ ಹೊಸ ಊರು, ಹೊಸ ಕೋಚ್ ಅಂದರೆ ಎಳೆಯ ಮನಸ್ಸಿಗೆ ಕಷ್ಟ, ಅಲ್ವಾ? ಆದರೆ ಅಲ್ಲೇ ಅವನ ಆಟ ಗಟ್ಟಿಯಾಯಿತು. ಮುಂದೆ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಸೇರಿ 2022ರಲ್ಲಿ ಅದರ ನಾಯಕನಾದ. ಮನೆ ಬಿಟ್ಟಿರಬಲ್ಲ, ಪಂದ್ಯದ ಹಸಿವಿರುವ ಹುಡುಗನಿಗೆ ಲೋನ್ ಒಗ್ಗುತ್ತದೆ. ಹೋಗುವ ತಂಡದ ಆಟದ ಶೈಲಿಯನ್ನು ಮಾತ್ರ ಮೊದಲೇ ವಿಚಾರಿಸಿ.