ಡಾಕ್ ಘರ್ ನಿರ್ಯಾತ್ ಕೇಂದ್ರ: ಮಂಡ್ಯದ ಬೆಲ್ಲಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆ?

ಆಲೆಮನೆಯಿಂದ ನೇರವಾಗಿ ಸಿಂಗಪುರಕ್ಕೋ ದುಬೈಗೋ ಬೆಲ್ಲ ಕಳಿಸಬೇಕು ಅನ್ನುವವರಿಗೆ ಅಂಚೆ ಇಲಾಖೆ 2022ರಲ್ಲಿ ಶುರು ಮಾಡಿದ ಡಾಕ್ ಘರ್ ನಿರ್ಯಾತ್ ಕೇಂದ್ರ, ಅಂದರೆ ಅಂಚೆ ಕಚೇರಿಯಿಂದಲೇ ರಫ್ತು ಮಾಡುವ ಸೇವೆ, ಒಳ್ಳೆಯ ಮೊದಲ ಮೆಟ್ಟಿಲು. ಸ್ಯಾಂಪಲ್‌ಗೆ, ಐದು-ಹತ್ತು ಕಿಲೋ ಚಿಲ್ಲರೆ ಆರ್ಡರ್‌ಗೆ ಧಾರಾಳವಾಗಿ ಬಳಸಬಹುದು. ಟನ್ನುಗಟ್ಟಲೆ ವ್ಯಾಪಾರಕ್ಕೆ ಇದು ಆಗಿಬರುವುದಿಲ್ಲ.

ದೊಡ್ಡ ಅನುಕೂಲ ಅಂದರೆ ಕಸ್ಟಮ್ಸ್ ಏಜೆಂಟನ ಹಂಗಿಲ್ಲ. ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ (ಅಂಚೆ ರಫ್ತಿನ ಕಸ್ಟಮ್ಸ್ ಫಾರಂ) ಅನ್ನು ಈ ಸೇವೆಯ ಪೋರ್ಟಲ್‌ನಲ್ಲೇ ತುಂಬಿ, ಲೇಬಲ್ ಪ್ರಿಂಟ್ ತೆಗೆದು, ಕೌಂಟರ್‌ನಲ್ಲಿ ಪಾರ್ಸೆಲ್ ಕೊಟ್ಟರಾಯಿತು. ತಪಾಸಣೆ ವಿದೇಶ ಅಂಚೆ ಕಚೇರಿಯಲ್ಲಿ ನಡೆಯುತ್ತದೆ, ಕಾಗದ ಹಿಡಿದುಕೊಂಡು ನಾವು ಹೋಗಬೇಕಿಲ್ಲ. ಎಲ್ಲ ಅಂಚೆ ಕಚೇರಿಯಲ್ಲೂ ಈ ಕೇಂದ್ರ ಇರುವುದಿಲ್ಲ, ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿಯೇ ಹೊರಡಿ.

ನಿಜವಾದ ಓಡಾಟ ಕೌಂಟರ್‌ಗೆ ಹೋಗುವ ಮೊದಲೇ ಇದೆ. ಐಇಸಿಗೆ (ಆಮದು-ರಫ್ತುದಾರರ ಗುರುತಿನ ಸಂಖ್ಯೆ) ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪೋರ್ಟಲ್‌ನಲ್ಲಿ ಶುಲ್ಕ 500 ರೂಪಾಯಿ, ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಪ್ರತಿ ವರ್ಷ ಏಪ್ರಿಲ್-ಜೂನ್ ಒಳಗೆ ವಿವರ ಖಚಿತಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಬಹಳ ಜನಕ್ಕೆ ಇದು ತಿಳಿಯುವುದು ಪಾರ್ಸೆಲ್ ಕಟ್ಟಿದ ದಿನ. ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ಹಣದ ವ್ಯವಹಾರ ನಡೆಸುವ ಬ್ಯಾಂಕ್ ಶಾಖೆಯ ಸಂಖ್ಯೆ) ಬೇಕು. ಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು, ಅದರ ಆಯಸ್ಸು ಮಾರ್ಚ್ 31ರವರೆಗೆ ಮಾತ್ರ. ಬೆಲ್ಲ ಅಪೇಡಾ (ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ಪಟ್ಟಿಯಲ್ಲಿರುವ ವಸ್ತುವಾದ್ದರಿಂದ ರಫ್ತು ಶುರುವಾದ ಒಂದು ತಿಂಗಳೊಳಗೆ ಅಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಸಣ್ಣ ನೋಂದಣಿ ಸಾಲದು, ರಫ್ತುದಾರರಿಗೆ ಕೇಂದ್ರ ಲೈಸೆನ್ಸ್ ಬೇಕು.

ಫಾರಂ ತುಂಬುವಾಗ ಎಡವುವ ಜಾಗ ಎಚ್‌ಎಸ್ ಕೋಡ್, ಅಂದರೆ ಸರಕು ಯಾವುದೆಂದು ಕಸ್ಟಮ್ಸ್‌ಗೆ ಹೇಳುವ ಸಂಖ್ಯೆ. ಬೆಲ್ಲವೂ ಸಕ್ಕರೆಯೂ ಒಂದೇ 1701ರ ಅಡಿಯಲ್ಲಿವೆ, ಆದರೆ 2022ರ ಜೂನ್‌ನಿಂದ ಸಕ್ಕರೆ ರಫ್ತಿಗೆ ನಿರ್ಬಂಧ ಬಂದಿದೆ. ಎಂಟಂಕಿ ಕೋಡ್ ತಪ್ಪಾದರೆ, ಅಥವಾ ಚೆಂದಕ್ಕೆ ‘ಆರ್ಗ್ಯಾನಿಕ್ ಶುಗರ್’ ಅಂತ ಬರೆದರೆ, ಪಾರ್ಸೆಲ್ ಅಲ್ಲೇ ಕೂರುತ್ತದೆ. ‘ಕೇನ್ ಜಾಗರಿ ಪೌಡರ್’ ಅಂತ ನೇರವಾಗಿ ಬರೆಯಿರಿ. ಗಿಫ್ಟ್ ಅಂತ ಟಿಕ್ ಹಾಕಿ ಕಳಿಸುವ ಜಾಣತನವೂ ಬೇಡ. ರಫ್ತಿನ ದಾಖಲೆಯೇ ಹುಟ್ಟದೆ, ಬಂದ ಹಣಕ್ಕೆ ಬ್ಯಾಂಕಿನಲ್ಲಿ ಲೆಕ್ಕ ಕೊಡುವುದು ಕಷ್ಟವಾಗುತ್ತದೆ.

ಇನ್ನು ಸರಕಿನ ವಿಷಯ. ಹೊಂಬಣ್ಣ ಬರಲಿ ಅಂತ ಕೊಪ್ಪರಿಗೆಗೆ ಹೈಡ್ರೋಸ್ (ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕ) ಸುರಿದ ಬೆಲ್ಲಕ್ಕೆ ಇಲ್ಲಿ ರೇಟು ಸಿಗಬಹುದು, ಹೊರಗೆ ಅದೇ ಕುತ್ತಿಗೆಗೆ ಬರುತ್ತದೆ. ಗಂಧಕದ ಡೈಆಕ್ಸೈಡ್‌ಗೆ ನಮ್ಮ ಮಿತಿ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಭಾಗ). ಯುರೋಪ್, ಅಮೆರಿಕಗಳಲ್ಲಿ ಸಲ್ಫೈಟ್ (ಇದೇ ಗಂಧಕದ ಅಂಶ) 10 ಪಿಪಿಎಂ ದಾಟಿದರೆ ಸಾಕು, ಲೇಬಲ್ಲಿನಲ್ಲಿ ಹೇಳಲೇಬೇಕು. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆದ ಕಂದು ಬೆಲ್ಲವನ್ನೇ ಕಳಿಸಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ವರದಿ ಆ ಬ್ಯಾಚಿಗೆ ಮಾತ್ರ, ಹೋದ ವರ್ಷದ ವರದಿ ತೋರಿಸಿ ನಂಬಿಕೆ ಕಳೆದುಕೊಳ್ಳಬೇಡಿ.

ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಅಂಚೆಗೆ ಒಗ್ಗುವುದಿಲ್ಲ. ದಾರಿಯಲ್ಲಿ ತೇವ ಹೀರಿ ಬೆವರುತ್ತದೆ, ಪಾಕ ಒಸರಿ ರಟ್ಟು ಮೆತ್ತಗಾಗುತ್ತದೆ. ಪುಡಿ ಬೆಲ್ಲವನ್ನು ತೇವ ಶೇ 2ರ ಒಳಗೆ ಬರುವಷ್ಟು ಒಣಗಿಸಿ, ಪೂರ್ತಿ ತಣಿಸಿ, ಅರ್ಧ ಕಿಲೋ ಲ್ಯಾಮಿನೇಟೆಡ್ ಪೌಚಿನಲ್ಲಿ ಸೀಲ್ ಮಾಡಿ. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೇ ಬೆವರಿ ಗಟ್ಟಿಯಾಗುತ್ತದೆ. ಹೊರಗೆ ಐದು ಪದರದ ಕಾರ್ಟನ್, ನಡುವೆ ಅಲುಗಾಡದಷ್ಟು ಕಾಗದ. ಬ್ಯಾಚ್ ನಂಬರು, ನಿವ್ವಳ ತೂಕ ಪೌಚಿನ ಮೇಲೂ ಬಿಲ್ಲಿನಲ್ಲೂ ಒಂದೇ ಇರಲಿ.

ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಯವರಿಗೆ ಈ ದಾರಿಯೇ ಬೇಡ. ಹಸಿ ಸರಕಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು, ತಂಪೂ ಬೇಕು. ಅಂಚೆಯಲ್ಲಿ ತಂಪಿನ ವ್ಯವಸ್ಥೆ ಇಲ್ಲ.

ಅಂಚೆ ಖರ್ಚು ಎಷ್ಟೋ ಸಲ ಬೆಲ್ಲದ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಸ್ಯಾಂಪಲ್ ಒಪ್ಪಿದ ಗಿರಾಕಿ ದೊಡ್ಡ ಆರ್ಡರ್ ಕೊಟ್ಟ ಕೂಡಲೇ ರೈತ ಉತ್ಪಾದಕ ಸಂಸ್ಥೆಯ ಮೂಲಕ ಸರಕು ಕೂಡಿಸಿ ಹಡಗಿಗೆ ಹೋಗುವುದು ವಾಸಿ. ಅಮೆರಿಕಕ್ಕೆ ಕಳಿಸುವವರು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎಯಲ್ಲಿ ನೋಂದಣಿ ಮಾಡಿಸಿ, ಪ್ರತಿ ಪಾರ್ಸೆಲ್‌ಗೂ ಆ ಇಲಾಖೆಗೆ ಮುನ್ಸೂಚನೆ (ಪ್ರಯರ್ ನೋಟಿಸ್) ಸಲ್ಲಿಸಿದ ಮೇಲೆ ಬುಕ್ ಮಾಡಿ. 2025ರ ಆಗಸ್ಟ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಅಲ್ಲಿಗೆ ಅಂಚೆ ಬುಕಿಂಗೇ ನಿಂತಿತ್ತು. ಹಣ ಮುಂಗಡ ಪಡೆಯುವ ಮುಂಚೆ ಆ ದೇಶಕ್ಕೆ ಸೇವೆ ನಡೆಯುತ್ತಿದೆಯೇ ಅಂತ ಕೌಂಟರಿನಲ್ಲಿ ಕೇಳಿಕೊಳ್ಳಿ.